ನದಿಯ ಕೆಳಗೆ ಒಂದು ಸಂಸಾರ: ಮಾರ್ಕ್ ಬ್ರೂನೆಲ್ ನೆನಪು

ಬ್ರೂನೆಲ್ ಎಂದ ಕೂಡಲೇ ಎಂಜಿನಿಯರಿಂಗ್ ಓದಿದವರಿಗೆ ನೆನಪಾಗುವುದು ಮಗ, ಇಸಂಬಾರ್ಡ್ ಕಿಂಗ್ಡಂ ಬ್ರೂನೆಲ್. ಗ್ರೇಟ್ ವೆಸ್ಟರ್ನ್ ರೈಲು ಮಾರ್ಗ, ಕ್ಲಿಫ್ಟನ್ ತೂಗುಸೇತುವೆ, ದೊಡ್ಡ ದೊಡ್ಡ ಕಬ್ಬಿಣದ ಹಡಗುಗಳು ಎಲ್ಲವೂ ಅವನ ಹೆಸರಿನಲ್ಲಿವೆ. ಇವತ್ತಿನ ಮಾತು ಅಪ್ಪನದು. ಮಾರ್ಕ್ ಇಸಂಬಾರ್ಡ್ ಬ್ರೂನೆಲ್, ಹುಟ್ಟಿದ್ದು 1769ರಲ್ಲಿ, ತೀರಿಕೊಂಡದ್ದು 1849ರಲ್ಲಿ. ಹರಿಯುವ ದೊಡ್ಡ ನದಿಯ ಅಡಿಯಲ್ಲಿ, ಮೆದು ಮಣ್ಣಿನೊಳಗೆ, ಜನ ಓಡಾಡುವಂಥ ಸುರಂಗವನ್ನು ಮೊದಲು ಕಟ್ಟಿ ಮುಗಿಸಿದವರು ಇವರು. ಲಂಡನ್ನಿನ ತೇಮ್ಸ್ ನದಿಯ ಆ ಸುರಂಗದ ಕಥೆಯನ್ನು ಸಾಮಾನ್ಯವಾಗಿ ಒಬ್ಬನ ಧೈರ್ಯದ ಕಥೆಯಾಗಿ ಹೇಳುತ್ತಾರೆ. ಆದರೆ ಹೆಂಡತಿ ಸೋಫಿಯಾ ಅವರನ್ನೂ ಮಗನನ್ನೂ ಬಿಟ್ಟು ಹೇಳಿದರೆ ಅದರ ಲೆಕ್ಕವೇ ತಪ್ಪುತ್ತದೆ. ಆ ಕೆಲಸದ ಸಾಲ, ಅಪಾಯ, ನಿದ್ದೆಗೇಡು ಎಲ್ಲವೂ ಮನೆಯ ಬಾಗಿಲು ದಾಟಿ ಒಳಗೆ ಬಂದಿದ್ದವು.

ಮಾರ್ಕ್ ಅವರು ಫ್ರಾನ್ಸಿನ ನಾರ್ಮಂಡಿಯ ಹಾಕ್‌ವಿಲ್ ಎಂಬ ಹಳ್ಳಿಯವರು, ಅನುಕೂಲಸ್ಥ ರೈತರ ಎರಡನೆಯ ಮಗ. ಎರಡನೆಯವನು ಪಾದ್ರಿಯಾಗಬೇಕೆಂಬುದು ಆ ಕಾಲದ ವಾಡಿಕೆ. ಹುಡುಗನ ಮನಸ್ಸು ಗಣಿತ, ಚಿತ್ರ, ಮರಗೆಲಸದ ಮೇಲೆಯೇ ಇದ್ದುದರಿಂದ ಆ ದಾರಿ ಕೈಬಿಟ್ಟು, 1786ರಲ್ಲಿ ನೌಕಾಪಡೆಗೆ ಸೇರಿಸಿದರು. 1792ರಲ್ಲಿ ಹಿಂದಿರುಗಿದಾಗ ಫ್ರಾನ್ಸ್ ಕ್ರಾಂತಿಯಲ್ಲಿ ಬೇಯುತ್ತಿತ್ತು. ರುವಾನ್ ಪಟ್ಟಣದಲ್ಲಿ ಅವರಿಗೆ ಸೋಫಿಯಾ ಕಿಂಗ್ಡಂ ಪರಿಚಯವಾದರು. ಇಂಗ್ಲೆಂಡಿನ ಪ್ಲಿಮತ್‌ನವರು, 16 ಮಕ್ಕಳಲ್ಲಿ ಕೊನೆಯವರು, ಫ್ರೆಂಚ್ ಕಲಿಯಲು ಬಂದಿದ್ದವರು. ಮಾರ್ಕ್ ರಾಜನ ಪಕ್ಷದವರು, ಅದನ್ನು ಬಾಯಿ ಬಿಟ್ಟು ಹೇಳುತ್ತಿದ್ದವರು. 1793ರಲ್ಲಿ ಪ್ರಾಣ ಉಳಿಸಿಕೊಳ್ಳಲು ನ್ಯೂಯಾರ್ಕಿನ ಹಡಗು ಹತ್ತಬೇಕಾಯಿತು. ಸೋಫಿಯಾ ಹಿಂದೆಯೇ ಉಳಿದರು. ಇಂಗ್ಲಿಷ್ ಗೂಢಚಾರಿಣಿ ಎಂದು ಅವರನ್ನು ಹಿಡಿದು ಗ್ರಾವಲೀನ್‌ನ ಒಂದು ಕಾನ್ವೆಂಟಿನಲ್ಲಿ ಸೆರೆಯಿಟ್ಟರು. ಅಲ್ಲಿಂದ ಬದುಕಿ ಹೊರಬಂದು ಅವರು ಲಂಡನ್ ಸೇರಿದ್ದು 1795ರಲ್ಲಿ.

ಅತ್ತ ಅಮೆರಿಕದಲ್ಲಿ ಮಾರ್ಕ್ ಅವರು ಭೂಮಾಪನ, ಕಾಲುವೆ ಸಮೀಕ್ಷೆ ಮಾಡಿಕೊಂಡು ಮೇಲೆ ಬಂದು ನ್ಯೂಯಾರ್ಕ್ ನಗರದ ಮುಖ್ಯ ಎಂಜಿನಿಯರ್ ಆದರು. 1798ರಲ್ಲಿ ಅಮೆರಿಕದ ರಾಜಕಾರಣಿ ಅಲೆಕ್ಸಾಂಡರ್ ಹ್ಯಾಮಿಲ್ಟನ್ ಅವರ ಜತೆ ಊಟಕ್ಕೆ ಕೂತಿದ್ದಾಗ ಒಂದು ಮಾತು ಕಿವಿಗೆ ಬಿತ್ತು: ಬ್ರಿಟಿಷ್ ನೌಕಾಪಡೆಗೆ ವರ್ಷಕ್ಕೆ 1,00,000 ಮರದ ರಾಟೆಗಳು ಬೇಕು, ಎಲ್ಲವನ್ನೂ ಕೈಯಲ್ಲೇ ಮಾಡುತ್ತಾರೆ. ಮರುವರ್ಷವೇ ನಕ್ಷೆ ಕಂಕುಳಲ್ಲಿಟ್ಟುಕೊಂಡು ಇಂಗ್ಲೆಂಡಿಗೆ ಹೊರಟರು. ಸೋಫಿಯಾ ಇದ್ದದ್ದೂ ಅಲ್ಲೇ. ಆರು ವರ್ಷ ಅಗಲಿದ್ದವರು 1799ರ ನವೆಂಬರ್ 1ರಂದು ಲಂಡನ್ನಿನಲ್ಲಿ ಮದುವೆಯಾದರು.

ರಾಟೆ ಎಂದರೆ ನಮ್ಮ ಬಾವಿಯ ರಾಟೆಯ ಹಾಗೆಯೇ, ಆದರೆ ಮರದ ದಿಮ್ಮಿಯೊಳಗೆ ಕೂತದ್ದು. ಹಾಯಿ ಏರಿಸಲು, ಇಳಿಸಲು, ಫಿರಂಗಿ ಎಳೆದು ಹಿಡಿಯಲು ಎಲ್ಲಕ್ಕೂ ಅದು ಬೇಕು. 74 ಫಿರಂಗಿಯ ಒಂದೇ ಹಡಗಿಗೆ 900ಕ್ಕೂ ಹೆಚ್ಚು. ಒಂದು ರಾಟೆಗೆ ಮೂರು ಭಾಗ: ಎಲ್ಮ್ ಮರದ ಕವಚ, ನೀರಿನಲ್ಲಿ ಮುಳುಗುವಷ್ಟು ಗಟ್ಟಿಯಾದ ಲಿಗ್ನಮ್ ವೀಟೆ ಮರದ ಚಕ್ರ, ನಡುವೆ ಕಬ್ಬಿಣದ ಅಚ್ಚು. ಬ್ರೂನೆಲ್ ಈ ಕೆಲಸವನ್ನು ಬಿಡಿಬಿಡಿಯಾಗಿ ಒಡೆದರು. ಮೊದಲು ದಿಮ್ಮಿಯನ್ನು ತುಂಡು ಮಾಡುವ ಗರಗಸ. ಆಮೇಲೆ ಅಚ್ಚಿನ ತೂತನ್ನೂ, ಚಕ್ರ ಕೂರುವ ಸೀಳು ಶುರುವಾಗುವ ಜಾಗದ ತೂತನ್ನೂ ಕೊರೆಯುವ ಯಂತ್ರ. ಆ ತೂತಿನಿಂದ ಹಿಡಿದು ಉದ್ದಕ್ಕೆ ಸೀಳು ಕೆತ್ತುವ ಉಳಿಯಂತ್ರ. ಮೂಲೆ ಕತ್ತರಿಸಲು ಇನ್ನೊಂದು ಗರಗಸ. ಬಳಿಕ ಹತ್ತು ಕವಚಗಳನ್ನು ಒಟ್ಟಿಗೆ ಒಂದು ದೊಡ್ಡ ಚಕ್ರದ ಅಂಚಿಗೆ ಬಿಗಿದು ತಿರುಗಿಸುತ್ತಾ ಹೊರಮೈಯನ್ನು ದುಂಡಗೆ ಮಾಡುವ ಯಂತ್ರ. ಕೊನೆಗೆ ಹಗ್ಗ ಕೂರುವ ತೋಡು ತೆಗೆಯುವುದು. ಒಳಚಕ್ರದ ನಡುವೆ ಕಂಚಿನ ಬುಷ್, ಅಂದರೆ ಅಚ್ಚು ಹಾಯುವ ಬಳೆ, ಕೂರಿಸಲು ಬೇರೆ ಯಂತ್ರಗಳೇ ಇದ್ದವು, ಏಕೆಂದರೆ ಮರಕ್ಕೆ ನೇರವಾಗಿ ಕಬ್ಬಿಣ ಉಜ್ಜಿದರೆ ತೂತು ಸವೆದು ಅಗಲವಾಗಿ ಚಕ್ರ ಓಲಾಡುತ್ತದೆ, ಹಗ್ಗ ಪಕ್ಕಕ್ಕೆ ಸಿಕ್ಕಿಕೊಳ್ಳುತ್ತದೆ.

ಒಟ್ಟು 45 ಯಂತ್ರಗಳನ್ನು ಲಂಡನ್ನಿನ ಯಂತ್ರ ತಯಾರಕ ಹೆನ್ರಿ ಮೌಡ್‌ಸ್ಲೇ ಅವರು ಲೋಹದಲ್ಲೇ ಮಾಡಿಕೊಟ್ಟರು. ಮರದ ಚೌಕಟ್ಟಿನ ಯಂತ್ರ ಮಳೆಗಾಲಕ್ಕೊಂದು ಅಳತೆ, ಬೇಸಿಗೆಗೊಂದು ಅಳತೆ ತೋರಿಸುತ್ತದೆ. ಕಬ್ಬಿಣದ್ದು ಹಾಗಲ್ಲ. ಪೋರ್ಟ್ಸ್‌ಮತ್ ಹಡಗುಕಟ್ಟೆಯಲ್ಲಿ 110 ಕುಶಲಕರ್ಮಿಗಳ ಕೆಲಸವನ್ನು 10 ಜನ ಸಾಮಾನ್ಯ ಆಳುಗಳು ಮಾಡುವಂತಾಯಿತು. 1808ರಲ್ಲಿ ಅಲ್ಲಿ ಆದ ರಾಟೆಗಳು 1,30,000. ಸರ್ಕಾರ ಒಪ್ಪಿದ ಪ್ರತಿಫಲ ಒಂದು ವರ್ಷದ ಉಳಿತಾಯದಷ್ಟು, ಸುಮಾರು 17,000 ಪೌಂಡ್. ಅದು ಕೈಸೇರಲು ವರ್ಷಗಟ್ಟಲೆ ಕಾಯಬೇಕಾಯಿತು, ಅಷ್ಟರಲ್ಲಿ ಸ್ವಂತ ದುಡ್ಡು ಸಾವಿರಗಟ್ಟಲೆ ಕರಗಿತ್ತು. ಅವರ ಬದುಕಿನುದ್ದಕ್ಕೂ ಕಾಡಿದ ರೋಗ ಇದೇ: ಯಂತ್ರ ಸರಿಯಾಗಿ ಓಡುತ್ತದೆ, ಹಣ ಹೊತ್ತಿಗೆ ಬರುವುದಿಲ್ಲ.

ಈ ಓಡಾಟದ ನಡುವೆ ಮನೆ ತುಂಬಿತು. 1802ರಲ್ಲಿ ಮಗಳು ಸೋಫಿಯಾ, 1804ರಲ್ಲಿ ಎಮ್ಮಾ, 1806ರ ಏಪ್ರಿಲ್ 9ರಂದು ಹಡಗುಕಟ್ಟೆಯ ಪಕ್ಕದ ಪೋರ್ಟ್ಸಿಯಲ್ಲಿ ಇಸಂಬಾರ್ಡ್. ಮಗನಿಗೆ ಅಪ್ಪನೇ ಮೊದಲ ಮೇಷ್ಟ್ರು. ನಾಲ್ಕನೆಯ ವಯಸ್ಸಿಗೆ ಕೈಗೆ ಪೆನ್ಸಿಲ್ ಕೊಟ್ಟು ಕಂಡದ್ದನ್ನು ಅಳತೆಗೆ ಸರಿಯಾಗಿ ಬರೆಯಲು ಕಲಿಸಿದರು. ಎಂಟಕ್ಕೆ ಯೂಕ್ಲಿಡನ ರೇಖಾಗಣಿತ ಮುಗಿದಿತ್ತು. ಹದಿನಾಲ್ಕಕ್ಕೆ ಫ್ರಾನ್ಸಿಗೆ ಕಳಿಸಿದರು, ಮೊದಲು ಕಾನ್ ಪಟ್ಟಣದ ಕಾಲೇಜು, ಆಮೇಲೆ ಪ್ಯಾರಿಸ್, ಅಲ್ಲಿ ಬ್ರೆಗೆ ಅವರ ಗಡಿಯಾರದ ಕಾರ್ಖಾನೆಯಲ್ಲಿ ಕೈಕೆಲಸ. ಸುರಂಗ ತೋಡುವವನಿಗೆ ಗಡಿಯಾರ ಏಕೆ ಎನಿಸಬಹುದು. ಕೂದಲೆಳೆಯಷ್ಟು ವ್ಯತ್ಯಾಸಕ್ಕೆ ನಿಂತುಹೋಗುವ ಯಂತ್ರದ ಮುಂದೆ ಕೂತವನಿಗೆ ಅಂದಾಜಿನ ಮೇಲೆ ಕೆಲಸ ಮಾಡುವ ಚಟ ಹತ್ತುವುದಿಲ್ಲ. ಅಪ್ಪ ಕೊಟ್ಟ ಶಿಕ್ಷಣದಲ್ಲಿ ನನಗೆ ಎಲ್ಲಕ್ಕಿಂತ ದೂರದೃಷ್ಟಿಯದಾಗಿ ಕಾಣುವುದು ಇದೇ.

ಸಾಲದ ವಿಷಯಕ್ಕೆ ಬರೋಣ. 1809ರಲ್ಲಿ ಸ್ಪೇನಿನ ಯುದ್ಧದಿಂದ ಮರಳಿದ ಸೈನಿಕರು ಕಾಲಿಗೆ ಚಿಂದಿ ಸುತ್ತಿಕೊಂಡು ಹಡಗಿನಿಂದ ಇಳಿದದ್ದನ್ನು ಬ್ರೂನೆಲ್ ನೋಡಿದರು. ಗುತ್ತಿಗೆದಾರರು ಕೊಟ್ಟ ಬೂಟು ನೀರು ಕುಡಿದ ಕೂಡಲೇ ಬಾಯಿ ಬಿಡುತ್ತಿತ್ತು. ಅಟ್ಟೆಯನ್ನು ಹೊಲಿಯುವ ಬದಲು ಲೋಹದ ಮೊಳೆಗಳಿಂದ ಬಿಗಿಯುವ ಯಂತ್ರಗಳನ್ನು ಮಾಡಿ, ಯುದ್ಧದಲ್ಲಿ ಅಂಗವಿಕಲರಾದ 24 ಮಾಜಿ ಸೈನಿಕರನ್ನು ಇಟ್ಟುಕೊಂಡು ದಿನಕ್ಕೆ 400 ಜತೆ ತಯಾರಿಸಿದರು. 1815ರಲ್ಲಿ ವಾಟರ್‌ಲೂ ಯುದ್ಧ ಮುಗಿಯಿತು. ಸರ್ಕಾರಕ್ಕೆ ಬೂಟು ಬೇಡವಾಯಿತು. ದಾಸ್ತಾನು ಹಾಗೇ ಕೂತಿತು. ಅದಕ್ಕೂ ಮುಂಚೆ, 1814ರಲ್ಲಿ, ಬ್ಯಾಟರ್ಸಿಯ ಅವರ ಮರ ಕೊಯ್ಯುವ ಕಾರ್ಖಾನೆಗೆ ಬೆಂಕಿ ಬಿದ್ದಿತ್ತು. 1821ರಲ್ಲಿ ಅವರ ಬ್ಯಾಂಕೂ ಮುಳುಗಿತು. ಸುಮಾರು 5,000 ಪೌಂಡ್ ಸಾಲ ತೀರಿಸಲಾಗದೆ ಆ ಮೇ ತಿಂಗಳಲ್ಲಿ ಸಾಲಗಾರರ ಸೆರೆಮನೆ ಸೇರಿದರು. ಸೋಫಿಯಾ ಹೊರಗೆ ಉಳಿಯಲಿಲ್ಲ, ಗಂಡನ ಜತೆ ಒಳಗೇ ಹೋಗಿ ಇದ್ದರು. ಒಮ್ಮೆ ಕ್ರಾಂತಿಯ ಸೆರೆ ಕಂಡಿದ್ದ ಹೆಂಗಸು ಇನ್ನೊಮ್ಮೆ ತಾವಾಗಿಯೇ ಸೆರೆಯ ಬಾಗಿಲು ದಾಟಿದರು. ಬ್ರೂನೆಲ್ ರಷ್ಯಾದ ಚಕ್ರವರ್ತಿಯ ಕೆಲಸಕ್ಕೆ ಹೊರಡುವ ಮಾತು ಎತ್ತಿದ ಮೇಲೆ, ಇಂಥವರನ್ನು ಕಳೆದುಕೊಳ್ಳಬಾರದೆಂದು ಸೇನಾಪತಿ ವೆಲಿಂಗ್ಟನ್ ಮೊದಲಾದವರು ಒತ್ತಾಯಿಸಿದರು. ಸರ್ಕಾರ ಸಾಲ ತೀರಿಸಿತು. ಆಗಸ್ಟಿನಲ್ಲಿ ಇಬ್ಬರೂ ಹೊರಬಂದರು.

ಇನ್ನು ಸುರಂಗ. ತೇಮ್ಸ್ ನದಿಯ ಎರಡು ದಡಗಳ ನಡುವೆ ಸರಕು ಸಾಗಿಸಲು ಲಂಡನ್ನಿನ ಪೂರ್ವಭಾಗದಲ್ಲಿ ಸೇತುವೆ ಕಟ್ಟುವಂತಿರಲಿಲ್ಲ, ಎತ್ತರದ ಹಾಯಿಹಡಗುಗಳು ದಾಟಬೇಕು. 1807–08ರಲ್ಲಿ ಎಂಜಿನಿಯರ್ ರಿಚರ್ಡ್ ಟ್ರೆವಿಥಿಕ್ ದಕ್ಷಿಣ ದಡದ ರಾದರ್‌ಹೈತ್‌ನಿಂದ ಒಂದು ಸಣ್ಣ ಸುರಂಗವನ್ನು 1,000 ಅಡಿಗೂ ಆಚೆ ಕೊಂಡೊಯ್ದಿದ್ದರು, ನೀರು ನುಗ್ಗಿ ಅದು ಅಲ್ಲಿಗೇ ನಿಂತಿತ್ತು. ಮೆದು ಮಣ್ಣಿನಲ್ಲಿ ತೋಡಿದ ಕೂಡಲೇ ಎದುರಿನ ಗೋಡೆ ಜಾರುತ್ತದೆ, ಮೇಲಿನ ಮಣ್ಣು ಕುಸಿಯುತ್ತದೆ, ಇಟ್ಟಿಗೆ ಕಟ್ಟುವಷ್ಟು ಹೊತ್ತು ಅದು ಕಾಯುವುದಿಲ್ಲ. ಬ್ರೂನೆಲ್‌ಗೆ ದಾರಿ ತೋರಿದ್ದು ಹಡಗಿನ ಮರ ಕೊರೆಯುವ ಟೆರೆಡೊ ಹುಳು. ತಲೆಯ ಮೇಲಿನ ಎರಡು ಚಿಪ್ಪುಗಳಿಂದ ಅದು ಮುಂದೆ ಕೊರೆಯುತ್ತದೆ, ಕೊರೆದ ದಾರಿಗೆ ಹಿಂದಿನಿಂದ ಸುಣ್ಣದಂಥ ಪದರ ಬಳಿಯುತ್ತಾ ಸಾಗುತ್ತದೆ. ಮುಂದೆ ತೋಡುವುದು, ಹಿಂದೆ ಕಟ್ಟುವುದು, ನಡುವೆ ಒಂದು ಕವಚ. 1818ರಲ್ಲಿ ಪೇಟೆಂಟ್ ಆಯಿತು. ಹೆಸರು ಶೀಲ್ಡ್, ಅಂದರೆ ಗುರಾಣಿ.

ಮೊದಲ ಕೆಲಸ ಬಾವಿ ಇಳಿಸುವುದು. ನಮ್ಮಲ್ಲಿ ರಿಂಗ್ ಬಾವಿ ಇಳಿಸುವುದನ್ನು ಕಂಡವರಿಗೆ ಇದು ತಕ್ಷಣ ಅರ್ಥವಾಗುತ್ತದೆ. 1825ರ ಮಾರ್ಚ್‌ನಲ್ಲಿ ರಾದರ್‌ಹೈತ್ ದಡದಲ್ಲಿ ನೆಲದ ಮೇಲೆಯೇ ಒಂದು ಇಟ್ಟಿಗೆಯ ಗೋಪುರ ಎದ್ದಿತು: 50 ಅಡಿ ವ್ಯಾಸ, 42 ಅಡಿ ಎತ್ತರ, 3 ಅಡಿ ದಪ್ಪದ ಗೋಡೆ. ಕೆಳಗೆ ಹರಿತ ಅಂಚಿನ ಕಬ್ಬಿಣದ ಬಳೆ, ಮೇಲೊಂದು ಮರದ ಬಳೆ, ಎರಡನ್ನೂ ಗೋಡೆಯೊಳಗಿನಿಂದ ಬಿಗಿದ ಕಬ್ಬಿಣದ ಸರಳುಗಳು. ಒಳಗಿನ ಮಣ್ಣು ತೆಗೆದಂತೆಲ್ಲ ಸುಮಾರು 1,000 ಟನ್ನಿನ ಗೋಪುರ ತನ್ನ ಭಾರಕ್ಕೆ ತಾನೇ ದಿನಕ್ಕೆ ಕೆಲವು ಇಂಚು ಇಳಿಯಿತು. ಆಮೇಲೆ ಒಂದು ಹಂತದಲ್ಲಿ ನಿಂತೇಬಿಟ್ಟಿತು. ಗೋಡೆ ಮೇಲಿಂದ ಕೆಳಗಿನವರೆಗೂ ಒಂದೇ ಅಗಲವಾಗಿತ್ತು, ಸುತ್ತಲಿನ ಮಣ್ಣು ಇಡೀ ಮೈಯನ್ನು ಬಿಗಿಹಿಡಿದಿತ್ತು. 50,000 ಇಟ್ಟಿಗೆಗಳನ್ನು ಮೇಲೆ ಹೇರಿದ ಮೇಲೆ ಅದು ಮತ್ತೆ ಕದಲಿತು. ಮುಂದೆ ಆಚೆ ದಡದ ವಾಪಿಂಗ್‌ನಲ್ಲಿ ಇನ್ನೊಂದು ಬಾವಿ ಇಳಿಸುವಾಗ ಬುಡವನ್ನು ತುಸು ಅಗಲ ಮಾಡಿ, ಮೇಲೆ ಹೋದಂತೆ ಕಿರಿದು ಮಾಡಿದರು. ಅದು ಸಿಕ್ಕಿಕೊಳ್ಳಲಿಲ್ಲ.

ಗುರಾಣಿಯ ರಚನೆ ಹೀಗಿತ್ತು. ಎರಕದ ಕಬ್ಬಿಣದ 12 ಚೌಕಟ್ಟುಗಳು, ಕಪಾಟಿನಲ್ಲಿ ಪುಸ್ತಕ ನಿಲ್ಲಿಸಿದ ಹಾಗೆ ಪಕ್ಕಪಕ್ಕದಲ್ಲಿ. ಪ್ರತಿಯೊಂದೂ 21 ಅಡಿಗೂ ಹೆಚ್ಚು ಎತ್ತರ, 3 ಅಡಿ ಅಗಲ. ಒಂದೊಂದರಲ್ಲಿ ಒಂದರ ಮೇಲೊಂದು ಮೂರು ಗೂಡು, ಒಟ್ಟು 36 ಗೂಡು, ಗೂಡಿಗೊಬ್ಬ ಅಗೆಯುವವನು. ಅವನ ಎದುರಿನ ಮಣ್ಣಿಗೆ ಅಡ್ಡಡ್ಡ ಹಲಗೆಗಳನ್ನು ಒತ್ತಿ ನಿಲ್ಲಿಸಿರುತ್ತಾರೆ. ಹಲಗೆ 3 ಅಡಿ ಉದ್ದ, 6 ಇಂಚು ಅಗಲ, 3 ಇಂಚು ದಪ್ಪ, ಪ್ರತಿ ಹಲಗೆಗೆ ಎರಡು ಸ್ಕ್ರೂ ಜಾಕ್, ಅಂದರೆ ತಿರುಗಿಸಿದರೆ ಮುಂದೆ ಒತ್ತುವ ತಿರುಪು. ಅಗೆಯುವವನು ಒಂದೇ ಒಂದು ಹಲಗೆಯ ಜಾಕ್ ಸಡಿಲಿಸಿ ಅದನ್ನು ತೆಗೆಯಬೇಕು. ಅಷ್ಟೇ ಜಾಗದಲ್ಲಿ ನಾಲ್ಕೂವರೆ ಇಂಚು ಮಣ್ಣು ಕೆರೆಯಬೇಕು. ಹಲಗೆಯನ್ನು ಹೊಸ ಮಣ್ಣಿಗೆ ಒತ್ತಿ ಜಾಕ್ ಬಿಗಿಯಬೇಕು. ಆಮೇಲಷ್ಟೇ ಮುಂದಿನ ಹಲಗೆ. ಎದುರಿನ ಮಣ್ಣಿನ ಗೋಡೆ ಸುಮಾರು 800 ಚದರಡಿ, ಒಂದು ಹಲಗೆ ಒಂದೂವರೆ ಚದರಡಿ. 36 ಜನರೂ ಒಟ್ಟಿಗೆ ಒಂದೊಂದು ಹಲಗೆ ತೆಗೆದರೂ ತೆರೆದಿರುವುದು 54 ಚದರಡಿ ಮಾತ್ರ. ಇಡೀ ಉಪಾಯ ಈ ಒಂದು ಲೆಕ್ಕದಲ್ಲಿದೆ. ನಾಲ್ಕೂವರೆ ಇಂಚು ಎಂಬುದೂ ಕಾಕತಾಳೀಯವಲ್ಲ, ಅದು ಇಟ್ಟಿಗೆಯ ಅಗಲ.

ಒಂದು ಚೌಕಟ್ಟಿನ ಹಲಗೆಗಳೆಲ್ಲ ಮುಂದೆ ಹೋದ ಮೇಲೆ ಅವುಗಳ ಜಾಕ್‌ಗಳನ್ನು ಪಕ್ಕದ ಚೌಕಟ್ಟುಗಳಿಗೆ ಆನಿಸುತ್ತಾರೆ. ಆಗ ಈ ಚೌಕಟ್ಟು ಹಗುರವಾಗುತ್ತದೆ. ಹಿಂದಿನ ಇಟ್ಟಿಗೆ ಗೋಡೆಗೆ ಒತ್ತಿದ ದೊಡ್ಡ ಜಾಕ್‌ಗಳನ್ನು, ಮೇಲೊಂದು ಕೆಳಗೊಂದು, ತಿರುಗಿಸಿ ಅದನ್ನು ಮುಂದೆ ತಳ್ಳುತ್ತಾರೆ. ಪಕ್ಕಪಕ್ಕದ ಎರಡು ಚೌಕಟ್ಟುಗಳನ್ನು ಒಟ್ಟಿಗೆ ಸರಿಸುವಂತಿಲ್ಲ, ಒಂದು ಬಿಟ್ಟು ಒಂದು. ಸರಿದು ತೆರವಾದ ಜಾಗಕ್ಕೆ ಗಾರೆಯವರು ತಕ್ಷಣ ಇಟ್ಟಿಗೆ ಇಡಬೇಕು, ಅದೂ ಬೇಗ ಗಟ್ಟಿಯಾಗುವ ರೋಮನ್ ಸಿಮೆಂಟಿನಲ್ಲಿ. ಸುಣ್ಣದ ಗಾರೆಯಾಗಿದ್ದರೆ ಜಾಕ್‌ನ ಒತ್ತಡಕ್ಕೆ ಹಸಿ ಗೋಡೆ ಹಿಂದಕ್ಕೆ ಜರುಗುತ್ತಿತ್ತು. ಎಲ್ಲ ಸರಿಯಿದ್ದರೆ ವಾರಕ್ಕೆ 8ರಿಂದ 12 ಅಡಿ.

ಎಲ್ಲ ಸರಿಯಿರಲಿಲ್ಲ. ಉದ್ದಕ್ಕೂ ಗಟ್ಟಿ ಜೇಡಿ ಸಿಗುತ್ತದೆಂದು ಭೂಗರ್ಭದ ತಜ್ಞರು ಹೇಳಿದ್ದರು. ಸಿಕ್ಕಿದ್ದು ಮರಳು, ಜಲ್ಲಿ, ಕೊಚ್ಚೆ. ಲಂಡನ್ನಿನ ಚರಂಡಿಯೆಲ್ಲ ತೇಮ್ಸ್ ಸೇರುತ್ತಿದ್ದ ಕಾಲ. ಸೋರಿ ಬಂದ ನೀರಿನಿಂದ ಕಣ್ಣುರಿ, ಜ್ವರ. ಮೀಥೇನ್ ಅನಿಲ ದೀಪಕ್ಕೆ ತಗುಲಿ ಭಗ್ಗೆನ್ನುತ್ತಿತ್ತು. 1826ರಲ್ಲಿ ಸ್ಥಳದ ಎಂಜಿನಿಯರ್ ಕಾಯಿಲೆ ಬಿದ್ದು ಬಿಟ್ಟುಹೋದಾಗ ಆ ಹೊಣೆ ಹೊತ್ತವನು ಇಸಂಬಾರ್ಡ್, ವಯಸ್ಸು 20. ಸುರಂಗ ಕಟ್ಟಿಸುತ್ತಿದ್ದ ಕಂಪನಿಯ ನಿರ್ದೇಶಕರು ಹಣ ಸಾಲದೆ ತಲೆಗೆ ಒಂದು ಶಿಲಿಂಗ್ ಪಡೆದು ನೋಡುಗರನ್ನು ಒಳಗೆ ಬಿಟ್ಟರು, ದಿನಕ್ಕೆ 600ರಿಂದ 800 ಜನ. ಹಲಗೆ ಹಿಂದೆ ನೀರು ಜಿನುಗುತ್ತಿರುವಾಗ ಹಿಂದೆ ನಿಂತ ಆ ಜನಜಂಗುಳಿ ಅಪ್ಪ-ಮಗ ಇಬ್ಬರಿಗೂ ದೊಡ್ಡ ಚಿಂತೆಯಾಗಿತ್ತು.

1827ರ ಮೇ 18ರಂದು, 549 ಅಡಿ ಮುಗಿದಿದ್ದಾಗ, ನದಿ ಒಳನುಗ್ಗಿತು. ಆ ದಿನ ಯಾರೂ ಸಾಯಲಿಲ್ಲ. ಇಸಂಬಾರ್ಡ್ ಹಡಗಿನಿಂದ ಡೈವಿಂಗ್ ಬೆಲ್, ಅಂದರೆ ಒಳಗೆ ಗಾಳಿ ತುಂಬಿದ, ತಳ ತೆರೆದ ದೊಡ್ಡ ಗಂಟೆಯಂಥ ಗೂಡಿನಲ್ಲಿ ಕೂತು ನದಿಯ ತಳಕ್ಕೆ ಇಳಿದು ನೋಡಿದ. ಕಾರಣ ಅಲ್ಲಿ ಸಿಕ್ಕಿತು: ಜಲ್ಲಿ ತೆಗೆಯುವ ದೋಣಿಗಳು ತಳವನ್ನು ಬಗೆದು ಗುಂಡಿ ಮಾಡಿದ್ದವು, ಅಲ್ಲಿ ಸುರಂಗದ ತಲೆಯ ಮೇಲೆ ಮಣ್ಣು ಉಳಿದಿರಲಿಲ್ಲ. ಆ ಗುಂಡಿಗೆ ಜೇಡಿಮಣ್ಣಿನ ಚೀಲಗಳನ್ನು ಸುರಿದರು. ಬರೀ ಚೀಲಗಳು ಒಂದರ ಮೇಲೊಂದು ಜಾರುತ್ತವೆ ಎಂದು ಅವುಗಳಿಗೆ ಹೇಜಲ್ ಮರದ ಕಡ್ಡಿ ಚುಚ್ಚಿ ಒಂದಕ್ಕೊಂದು ಸಿಕ್ಕಿಕೊಳ್ಳುವಂತೆ ಮಾಡಿದರು. ಆಮೇಲೆ ತಿಂಗಳುಗಟ್ಟಲೆ ನೀರು, ಹೂಳು ಹೊರಹಾಕಿದರು.

1828ರ ಜನವರಿ 12ರ ಬೆಳಗ್ಗೆ ಮತ್ತೆ ನುಗ್ಗಿತು. ಇಸಂಬಾರ್ಡ್ ಅಗೆಯುವವರ ಜತೆ ಗುರಾಣಿಯಲ್ಲೇ ಇದ್ದ. ಆರು ಮಂದಿ ಸತ್ತರು. ಮರದ ತೊಲೆಗಳಡಿ ಕಾಲು ಸಿಕ್ಕಿಕೊಂಡು ಬಿಡಿಸಿಕೊಂಡ ಅವನನ್ನು ಬಾವಿಯಲ್ಲಿ ಏರಿದ ನೀರೇ ಮೇಲಕ್ಕೆ ಎತ್ತಿತು, ಸಹಾಯಕ ಬೀಮಿಶ್ ಕೈಹಿಡಿದು ಎಳೆದುಕೊಂಡರು. ಮೊಣಕಾಲಿಗೂ ಒಳಗೂ ಪೆಟ್ಟಾಗಿತ್ತು, ತಿಂಗಳುಗಟ್ಟಲೆ ಹಾಸಿಗೆ. ಅಪ್ಪನಿಗೆ ಆಗ 58. ತಾನೇ ಅಕ್ಷರದಿಂದ ತೊಡಗಿ ಬೆಳೆಸಿದ ಒಬ್ಬನೇ ಮಗ ತನ್ನದೇ ಯಂತ್ರದೊಳಗೆ ಸಾವಿನ ಬಾಯಿಗೆ ಹೋಗಿ ಬಂದಿದ್ದ. ಆ ವರ್ಷವೇ ಹಣ ಮುಗಿದು ಸುರಂಗದ ತುದಿಗೆ ಇಟ್ಟಿಗೆ ಕಟ್ಟಿ ಮುಚ್ಚಿದರು. ನೋಡಲು ಬರುವವರಿಗೆಂದು ಅಲ್ಲೊಂದು ದೊಡ್ಡ ಕನ್ನಡಿ ನಿಲ್ಲಿಸಿದರು. ಏಳು ವರ್ಷ ಹಾಗೇ ಇತ್ತು. ಚೇತರಿಸಿಕೊಂಡ ಮಗ ಕ್ಲಿಫ್ಟನ್ ಸೇತುವೆಯ ನಕ್ಷೆಗೆ ಕೈಹಾಕಿದಾಗ ಅಪ್ಪ ಪಕ್ಕದಲ್ಲಿ ಕೂತು ಲೆಕ್ಕಕ್ಕೂ ಸಲಹೆಗೂ ಒದಗಿದರು.

1834ರ ಕೊನೆಯಲ್ಲಿ ಖಜಾನೆಯಿಂದ ಸಾಲ ಮಂಜೂರಾಯಿತು. 80 ಟನ್ನಿನ ಹಳೆಯ ಗುರಾಣಿ ತುಕ್ಕು ಹಿಡಿದಿತ್ತು. ಅದನ್ನು ತೆಗೆದು 140 ಟನ್ನಿನ ಹೊಸದನ್ನು, 9,000 ಬಿಡಿಭಾಗಗಳಲ್ಲಿ ಕೆಳಗಿಳಿಸಿ, ನದಿಯ ಅಡಿಯಲ್ಲೇ ಜೋಡಿಸಿದರು. ಹಳೆಯದನ್ನು ತೆಗೆಯುವಾಗ ಎದುರಿನ ಮಣ್ಣನ್ನು ಹಿಡಿದು ನಿಲ್ಲಿಸಬೇಕಾಗಿದ್ದುದರಿಂದ ಇಡೀ ಕಾಮಗಾರಿಯಲ್ಲಿ ಇದೇ ಹೆಚ್ಚು ಉಸಿರು ಬಿಗಿಹಿಡಿಸುವ ಹಂತ. 1837ರಲ್ಲಿ ಎರಡು ಸಲ, 1838ರಲ್ಲಿ ಒಂದು ಸಲ ಮತ್ತೆ ನೀರು ನುಗ್ಗಿತು. ಮಗ ಅಷ್ಟರಲ್ಲಿ ತನ್ನ ರೈಲು ಮಾರ್ಗದ ಕೆಲಸಕ್ಕೆ ಹೋಗಿದ್ದ. ಮುದುಕರಾಗಿದ್ದ ಬ್ರೂನೆಲ್ ದಂಪತಿ ಕೆಲಸದ ಹತ್ತಿರವೇ ಮನೆ ಮಾಡಿದರು. ರಾತ್ರಿಯಿಡೀ ಎರಡು ಗಂಟೆಗೊಮ್ಮೆ ಗುರಾಣಿಯ ಮುಂದಿನ ಮಣ್ಣಿನ ಮಾದರಿ ಅವರ ಮಲಗುವ ಕೋಣೆಗೆ ಬರುತ್ತಿತ್ತು ಎಂದು ಅವರ ಜೀವನಚರಿತ್ರೆಗಳು ಹೇಳುತ್ತವೆ. ಎದ್ದು, ಮಣ್ಣು ನೋಡಿ, ಸೂಚನೆ ಬರೆದು ಕಳಿಸಿ, ಮತ್ತೆ ಮಲಗುವುದು. ಜೇಡಿಯಿಂದ ಮರಳಿಗೆ ತಿರುಗಿದರೆ ಎರಡು ಗಂಟೆ ತಡವೂ ಹೆಚ್ಚೇ. ಹೆಂಡತಿಯ ನಿದ್ದೆಯೂ ಅದೇ ಕೋಣೆಯದು ಎಂಬುದನ್ನು ನಾವು ಮರೆಯಬಾರದು.

1841ರಲ್ಲಿ ಸರ್ ಪದವಿ ಬಂತು. 1842ರಲ್ಲಿ ಪಾರ್ಶ್ವವಾಯು ಹೊಡೆಯಿತು. ಆದರೂ 1843ರ ಮಾರ್ಚ್ 25ರಂದು ಸುರಂಗ ತೆರೆದಾಗ ಅವರು ಅಲ್ಲಿದ್ದರು. 1,300 ಅಡಿ ಉದ್ದ, 35 ಅಡಿ ಅಗಲ, 20 ಅಡಿ ಎತ್ತರ. ಮೊದಲ ದಿನವೇ 50,000 ಜನ ನಡೆದರು. ಸರಕು ಗಾಡಿಗಳು ಇಳಿಯಲು ಬೇಕಿದ್ದ ದೊಡ್ಡ ಸುತ್ತುದಾರಿಗಳಿಗೆ ಮಾತ್ರ ಹಣ ಸಿಗಲೇ ಇಲ್ಲ, ಹೀಗಾಗಿ ಅದು ಕಾಲುದಾರಿಯಾಗಿಯೇ ಉಳಿಯಿತು. ಗಾಡಿಗಳಿಗೆಂದು ಬಿಟ್ಟ ಎತ್ತರವೇ ಮುಂದೆ ಉಪಕಾರವಾಯಿತು, 1869ರಿಂದ ಅದರಲ್ಲಿ ರೈಲು ಓಡುತ್ತಿದೆ.

ಗುರಾಣಿ ಆಮೇಲೆ ದುಂಡಗಾಯಿತು, ಜಾಕ್‌ಗಳು ಹೈಡ್ರಾಲಿಕ್ ಆದವು, ಕೈಯ ಗುದ್ದಲಿಯ ಜಾಗಕ್ಕೆ ತಿರುಗುವ ಕೊರೆತಲೆ ಬಂತು. ಬೆಂಗಳೂರಿನ ನಮ್ಮ ಮೆಟ್ರೋಗೆ ಸುರಂಗ ಕೊರೆದ ಕಾವೇರಿ, ಕೃಷ್ಣಾ, ಊರ್ಜಾ, ತುಂಗಾ, ಭದ್ರಾ ಯಂತ್ರಗಳೆಲ್ಲ ಇದೇ ವಂಶದವು. ಎದುರಿನ ಮಣ್ಣಿಗೆ ಒತ್ತು ಕೊಟ್ಟು ಕೊರೆಯುವುದು, ಹಿಂದೆ ಆಗಲೇ ಕೂರಿಸಿದ ಬಳೆಗೆ ಜಾಕ್ ಒತ್ತಿ ಮುಂದೆ ಸರಿಯುವುದು, ಸರಿದ ಜಾಗಕ್ಕೆ ಹೊಸ ಬಳೆ ಕೂರಿಸುವುದು. ಇಟ್ಟಿಗೆ ಹೋಗಿ ಕಾಂಕ್ರೀಟ್ ಬಂದಿದೆ, ಕ್ರಮ ಅದೇ.

ಕೊನೆಯ ವರ್ಷಗಳಲ್ಲಿ ತಮ್ಮ ಯಶಸ್ಸಿಗೆಲ್ಲ ಸೋಫಿಯಾ ಅವರೇ ಕಾರಣ ಎಂದು ಬ್ರೂನೆಲ್ ಹೆಂಡತಿಗೆ ಬರೆದರು. 1849ರ ಡಿಸೆಂಬರ್ 12ರಂದು, 80ನೆಯ ವಯಸ್ಸಿನಲ್ಲಿ, ತೀರಿಕೊಂಡರು. ಲಂಡನ್ನಿನ ಕೆನ್ಸಲ್ ಗ್ರೀನ್ ಸ್ಮಶಾನದಲ್ಲಿ ಅವರ ಸಮಾಧಿಗೆ 1855ರಲ್ಲಿ ಸೋಫಿಯಾ, 1859ರಲ್ಲಿ ಮಗ ಇಸಂಬಾರ್ಡ್ ಸೇರಿದರು.

ಲಂಡನ್ನಿಗೆ ಹೋಗುವವರು ರಾದರ್‌ಹೈತ್‌ನಲ್ಲಿ ಇಳಿಯಿರಿ. ಹಳೆಯ ಪಂಪುಮನೆ ಈಗ ಬ್ರೂನೆಲ್ ವಸ್ತುಸಂಗ್ರಹಾಲಯ, ಪಕ್ಕದಲ್ಲೇ 50 ಅಡಿಯ ಆ ಬಾವಿ. ಆಮೇಲೆ ಒಂದು ನಿಲ್ದಾಣ ಮುಂದೆ, ನದಿ ದಾಟಿ, ವಾಪಿಂಗ್. ಪ್ಲಾಟ್‌ಫಾರ್ಮಿನ ನದಿಯ ಕಡೆಯ ತುದಿಗೆ ಹೋಗಿ ನಿಂತರೆ ಕುದುರೆ ಲಾಳದ ಆಕಾರದ ಎರಡು ಕಮಾನುಗಳು ಕಾಣುತ್ತವೆ. 1990ರ ದಶಕದ ದುರಸ್ತಿಯಲ್ಲಿ ಒಳಮೈಗೆಲ್ಲ ಕಾಂಕ್ರೀಟ್ ಬಳಿದರೂ, ಒಂದು ತುದಿಯಲ್ಲಿ ಸ್ವಲ್ಪ ಭಾಗವನ್ನು ಹಳೆಯ ಇಟ್ಟಿಗೆ ಕಾಣುವ ಹಾಗೆ ಬಿಟ್ಟಿದ್ದಾರೆ.